ಯಂತ್ರಕ್ಕೆ ಕಿವಿಯುಂಟೆ?

ಶಾಲೆಗೆ ಯಂತ್ರ ಬಂದರೆ ವಿದ್ಯೆಯೂ ಅದರ ಬೆನ್ನಿಗೇ ಬರುವುದೆಂಬ ನಂಬಿಕೆ ಈಗ ನಮ್ಮಲ್ಲಿ ಬಲವಾಗಿ ಬೇರೂರಿದೆ. ಗೋಡೆಯ ಮೇಲೆ ಪರದೆ, ಸೂರಿನಲ್ಲಿ ಪ್ರೊಜೆಕ್ಟರು, ಬಾಗಿಲ ಮೇಲೆ ‘ಸ್ಮಾರ್ಟ್ ಕ್ಲಾಸ್’ ಎಂಬ ಫಲಕ; ಇಷ್ಟಾದರೆ ಹಾರ, ಭಾಷಣ, ಛಾಯಾಚಿತ್ರ. ಮಾರನೆಯ ದಿನ ಆ ಕೋಣೆಯಲ್ಲಿ ಪಾಠ ಹೇಳುವವರು ಯಾರೆಂದು ಕೇಳುವುದು ಮಾತ್ರ ಅಪಶಕುನ! ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಲ್ಲಿ ಗಣಿತ ಹೇಳುವ ನಾನು ಆ ಅಪಶಕುನವನ್ನೇ ನುಡಿಯಬೇಕಾಗಿದೆ.

ಈ ಭ್ರಮೆ ಇಂದಿನದಲ್ಲ. ಚಲಚ್ಚಿತ್ರ ಹುಟ್ಟಿದ ಹೊಸತರಲ್ಲಿ, 1913ರಷ್ಟು ಹಿಂದೆಯೇ, ಎಡಿಸನ್ ಮಹಾಶಯನು ಶಾಲೆಗಳಲ್ಲಿ ಪುಸ್ತಕದ ಕಾಲ ತೀರಿತೆಂದೂ ಹತ್ತು ವರ್ಷಗಳಲ್ಲಿ ಎಲ್ಲವೂ ಬದಲಾಗುವುದೆಂದೂ ಭವಿಷ್ಯ ನುಡಿದಿದ್ದ. ನೂರು ವರ್ಷಗಳೇ ಕಳೆದುವು, ಪುಸ್ತಕ ಉಳಿದಿದೆ. ನಮ್ಮಲ್ಲಿಯೂ 1975–76ರಲ್ಲಿ ಅಮೆರಿಕದ ಉಪಗ್ರಹವನ್ನು ಒಂದು ವರ್ಷ ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸಿದರು. 2004ರಲ್ಲಿ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಮೇಲೇರಿತು. 2010ರಲ್ಲಿ ಅದರ ಸೇವೆ ಮುಗಿಯಿತು. ಈ ಪ್ರಯತ್ನಗಳನ್ನು ನಾನು ಹಳಿಯುವುದಿಲ್ಲ. ಆದರೆ ಉಪಗ್ರಹ ಮುಗಿದರೂ ಮೇಷ್ಟರ ಕೆಲಸ ಮುಗಿಯಲಿಲ್ಲವೆಂಬುದನ್ನು ನೆನಪಿಡಬೇಕು.

ನಾನು ಯಂತ್ರದ್ವೇಷಿಯಲ್ಲ. ಹೃದಯದ ಕವಾಟ ತೆರೆದು ಮುಚ್ಚುವ ಬಗೆಯನ್ನು ಸೀಮೆಸುಣ್ಣದಿಂದ ತೋರಿಸಲಾಗದು, ಪರದೆ ತೋರಿಸುತ್ತದೆ. 2023ರ ಆಗಸ್ಟ್ 23ರಂದು ಚಂದ್ರಯಾನದ ನೌಕೆ ಚಂದ್ರನ ಮೇಲಿಳಿದುದನ್ನು ಹಳ್ಳಿಯ ಮಗುವೂ ಕಂಡದ್ದು ಯಂತ್ರದ ಪುಣ್ಯದಿಂದ. ಆದರೆ ಆ ನೌಕೆಯ ಪರೀಕ್ಷೆಗಾಗಿ ನಮ್ಮದೇ ಜಿಲ್ಲೆಯ ಚಳ್ಳಕೆರೆಯ ಬಳಿ ಚಂದ್ರನ ಕುಳಿಗಳಂಥ ಕುಳಿಗಳನ್ನು ತೋಡಿದ್ದರೆಂದು ಹೇಳಿ, “ಏಕೆ ತೋಡಿರಬಹುದು?” ಎಂದು ಮಗುವನ್ನು ಕೆಣಕುವುದಕ್ಕೆ ಮೇಷ್ಟರೇ ಬೇಕು.

ಸಮರೂಪ ತ್ರಿಭುಜಗಳ ಪಾಠವನ್ನೇ ನೋಡಿ. ಪರದೆಯ ಮೇಲೆ ಬಣ್ಣಬಣ್ಣದ ತ್ರಿಭುಜಗಳು ಕುಣಿಯುತ್ತವೆ. ಮಕ್ಕಳು ಸದ್ದಿಲ್ಲದೆ ನೋಡುತ್ತಾರೆ. ಈ ಮೌನವನ್ನು ಕಲಿಕೆಯೆಂದು ಭಾವಿಸುವವರು ಬಹಳ. ಅದೇ ಮಕ್ಕಳನ್ನು ಬೇಲಿಯಾಚೆಯ ತೆಂಗಿನ ಮರದ ಬಳಿ ನಿಲ್ಲಿಸಿ, ಕೈಗೊಂದು ಕೋಲು ಕೊಡಿ. ಒಂದು ಮೀಟರು ಕೋಲಿನ ನೆರಳು 80 ಸೆಂಟಿಮೀಟರು, ಮರದ ನೆರಳು 12 ಮೀಟರು. ಹಾಗಾದರೆ ಮರದ ಎತ್ತರವೆಷ್ಟು? ಒಬ್ಬ ಹತ್ತೆನ್ನುತ್ತಾನೆ, ಮತ್ತೊಬ್ಬಳು ಹದಿನೈದೆಂದು ವಾದಿಸುತ್ತಾಳೆ. ಹತ್ತೆಂದವನು ಎಲ್ಲಿ ಎಡವಿದನೆಂದು ಅವನ ಮುಖ ನೋಡಿಯೇ ತಿಳಿಯಬೇಕು. ಯಂತ್ರಕ್ಕೆ ಬಾಯುಂಟು; ಆ ಹುಡುಗನ ತಡವರಿಕೆಯನ್ನು ಕೇಳಿಸಿಕೊಳ್ಳುವ ಕಿವಿ ಪರದೆಗೆಲ್ಲಿಂದ ಬರಬೇಕು?

ಉತ್ಸಾಹದ ಬೋಧನೆಯೆಂದರೆ ಕೈಕಾಲು ಬಡಿದು ಕೂಗುವುದೂ ಅಲ್ಲ. ನಮ್ಮ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನಾಟಕ ನೋಡಿದವರಿಗೆ ಇದು ಗೊತ್ತು: ಒಳ್ಳೆಯ ನಟನ ಶಕ್ತಿ ಅವನ ಗಂಟಲಲ್ಲಿಲ್ಲ, ಸಭೆಯ ಉಸಿರನ್ನು ಗಮನಿಸುವ ಎಚ್ಚರದಲ್ಲಿದೆ. ಮೇಷ್ಟರ ಶಕ್ತಿಯೂ ಅದೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ‘ನಲಿ–ಕಲಿ’ ಆರಂಭವಾದಾಗ ಅದರ ಬಂಡವಾಳ ಕಲಿಕೆಯ ಕಾರ್ಡುಗಳು ಮತ್ತು ಹುರುಪಿನ ಶಿಕ್ಷಕರು, ವಿದ್ಯುತ್ತಿನ ಹಂಗಿರಲಿಲ್ಲ. ಅದು ಮುಂದೆ ರಾಜ್ಯಕ್ಕೆಲ್ಲ ಹರಡಿತು.

“ಮೇಷ್ಟರಿಲ್ಲದ ಶಾಲೆಗೆ ಪರದೆಯಾದರೂ ಇರಲಿ” ಎನ್ನುವವರುಂಟು. ಮಾತು ಮೇಲ್ನೋಟಕ್ಕೆ ಉದಾರವಾಗಿದೆ. ಆದರೆ ಅನ್ನವಿಲ್ಲದವನಿಗೆ ಅನ್ನದ ಚಿತ್ರ ತೋರಿಸಿದಂತೆ, ಅದು ಕೊರತೆಯನ್ನು ತುಂಬುವುದಿಲ್ಲ, ಮರೆಸುತ್ತದೆ. ಪೇಟೆಯ ಮಗುವಿಗೆ ಪರದೆಯ ಜೊತೆಗೆ ಮೇಷ್ಟರು, ಮನೆಪಾಠ, ಓದಿದ ತಂದೆತಾಯಿ. ಹಳ್ಳಿಯ ಮಗುವಿಗೆ ಬರಿಯ ಪರದೆ. ಇದನ್ನು ಸಮಾನತೆಯೆಂದು ಕರೆಯಲು ನನ್ನ ನಾಲಗೆ ಹೊರಳದು.

ಸಿರಿವಂತ ಸ್ವೀಡನ್ ದೇಶವೇ 2023ರಲ್ಲಿ ಮತ್ತೆ ಅಚ್ಚಿನ ಪುಸ್ತಕಗಳ ಕಡೆ ಮುಖ ಮಾಡಿತು. ಅದೇ ವರ್ಷ ಯುನೆಸ್ಕೊ ವರದಿಯೂ ತಂತ್ರಜ್ಞಾನ ಶಿಕ್ಷಕನಿಗೆ ನೆರವಾಗಬೇಕೇ ಹೊರತು ಅವನ ಸ್ಥಾನಕ್ಕೆ ಬರಬಾರದೆಂದು ಎಚ್ಚರಿಸಿತು. ನಾವು ಎಡವಿಯೇ ಕಲಿಯಬೇಕೆ?

ಮೊದಲು ಖಾಲಿ ಹುದ್ದೆ ತುಂಬಲಿ. ಆಮೇಲೆ ಯಾವ ಯಂತ್ರ ಬೇಕೆಂದು ಪಾಠ ಹೇಳುವವನನ್ನೇ ಕೇಳಲಿ. ಕೊಂಡ ಯಂತ್ರದ ರಿಪೇರಿಗೂ ಹಣವಿರಲಿ. ತನಿಖೆಗೆ ಬರುವ ಅಧಿಕಾರಿಗಳು ಪರದೆಗಳನ್ನೆಣಿಸುವುದನ್ನು ಬಿಟ್ಟು, ಒಂದು ಗಂಟೆಯಲ್ಲಿ ಮಕ್ಕಳು ಎಷ್ಟು ಪ್ರಶ್ನೆ ಕೇಳಿದರೆಂದು ಎಣಿಸಲಿ. ಆ ಲೆಕ್ಕಕ್ಕೆ ಉತ್ತರ ಹೇಳಲು ನಾವು ಮೇಷ್ಟರು ಸಿದ್ಧರಾಗಿದ್ದೇವೆ.