ಹುಡುಕುವವರ ಬಾಯಲ್ಲಿ ನಮ್ಮ ಹೆಸರೇನು?

ಎರಡು ವರ್ಷದ ಹಿಂದೆ ನನ್ನ ತಂಗಿ ಮದುವೆಗೆ ಅಂತ ಬೆಂಗಳೂರಿನಿಂದ ಹೊರಟ ಗೆಳೆಯನೊಬ್ಬ ಮ್ಯಾಪ್ ನಂಬಿಕೊಂಡು ಅಂಕಲಿಯಲ್ಲಿ ಬಂದಿಳಿದ. ಕೃಷ್ಣಾ ನದಿ ಇತ್ತು, ಸೇತುವೆ ಇತ್ತು, ಕಬ್ಬಿನ ಹೊಲಗಳಿದ್ದವು. ಮದುವೆ ಮಾತ್ರ ಇರಲಿಲ್ಲ! ಅವನು ಹೋಗಿದ್ದು ಮಹಾರಾಷ್ಟ್ರದ ಸಾಂಗಲಿ ಹತ್ತಿರದ ಅಂಕಲಿಗೆ. ನಮ್ಮದು ಚಿಕ್ಕೋಡಿ ತಾಲ್ಲೂಕಿನ ಅಂಕಲಿ. ಎರಡೂ ಕೃಷ್ಣೆಯ ಪಕ್ಕದ ಊರುಗಳೇ. ಅಕ್ಷತೆ ಬಿದ್ದು ಎರಡು ತಾಸಾದ ಮೇಲೆ ಬಂದು ಊಟಕ್ಕೆ ಕೂತವನು, "ನಿಮ್ಮೂರಿಗೆ ಸ್ವಲ್ಪ ಎಸ್‌ಇಒ ಮಾಡ್ಸೋ ಮಾರಾಯ" ಅಂದ.

ಎಲ್ಲರೂ ನಕ್ಕೆವು. ನಮ್ಮ ಜೊತೆ ಪಂಕ್ತಿಯಲ್ಲಿ ಕೂತಿದ್ದ ಇನ್ನೊಬ್ಬ ಗೆಳೆಯ ಮಾತ್ರ ನಗಲಿಲ್ಲ. "ಎಸ್‌ಇಒ ಅಂದ್ರ ಏನೋ? ನಮ್ಮ ಚಪ್ಪಲಿಗೂ ಮಾಡಾಕ ಬರ್ತೈತೇನು?" ಅಂತ ಕೇಳಿದ.

ಇವನು ಪಿಯುಸಿಯಲ್ಲಿ ನನ್ನ ಬೆಂಚಿನವನು, ಅಥಣಿ ಕಡೆಯವನು. ಅವರ ಮನೆಯಲ್ಲಿ ಮುತ್ತಜ್ಜನ ಕಾಲದಿಂದ ಚಪ್ಪಲಿ ಮಾಡುತ್ತಾರೆ. ಅಪ್ಪ ಅಟ್ಟೆ ಕತ್ತರಿಸಿ ಕೂಡಿಸುತ್ತಾರೆ, ಅವ್ವ ಮೇಲಿನ ಪಟ್ಟಿಯ ಹೆಣಿಗೆ ಹಾಕುತ್ತಾರೆ. ಮೊಳೆ ಇಲ್ಲ, ತೊಗಲಿನ ದಾರದಲ್ಲೇ ಹೊಲಿಗೆ. ತಯಾರಾದ ಜೋಡಿಗಳನ್ನು ವ್ಯಾಪಾರಿ ಬಂದು ಒಯ್ಯುತ್ತಾನೆ. ಅಂಗಡಿ ಸೇರಿದ ಮೇಲೆ ಅವುಗಳ ಹೆಸರು ಒಂದೇ: ಕೊಲ್ಹಾಪುರಿ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆ ಎಷ್ಟೋ ಮನೆಗಳ ಕಥೆ ಇದೇ.

ನನ್ನ ಕೆಲಸ ಬ್ಯಾಕೆಂಡ್ ಕೋಡಿಂಗ್. ಎಸ್‌ಇಒ ಅಂದ್ರೆ ಮಾರ್ಕೆಟಿಂಗ್‌ನವರ ಗಾಳಿಮಾತು ಅಂತ ನನಗೊಂದು ತಾತ್ಸಾರ ಇತ್ತು. ಆದರೂ ಗೆಳೆಯ ಕೇಳಿದ್ದಾನಲ್ಲ, ಒಂದು ರಜೆಯಲ್ಲಿ ಕೂತು ಪುಟ್ಟ ವೆಬ್‌ಸೈಟ್ ಮಾಡಿಕೊಟ್ಟೆ. ನಾಲ್ಕು ಪುಟ, ಹತ್ತು ಫೋಟೊ, ಒಂದು ವಾಟ್ಸಾಪ್ ಬಟನ್. ಮೇಲೆ ದೊಡ್ಡದಾಗಿ "ಅಥಣಿ ಚಪ್ಪಲಿ".

ಮೊದಲ ತಿಂಗಳು ಗೂಗಲ್ ಅನಾಲಿಟಿಕ್ಸ್ ನೋಡಿದರೆ ದಿನಾ ಜನ ಬರ್ತಿದ್ದಾರೆ! ಖುಷಿಯೋ ಖುಷಿ. ಆಮೇಲೆ ಯಾವ ಊರಿನಿಂದ ಬಂದಿದ್ದಾರೆ ಅಂತ ನೋಡಿದೆ. ಬೆಂಗಳೂರು ಅಂದ್ರೆ ನಾನು. ಅಥಣಿ ಕಡೆಯದು ಅಂದ್ರೆ ಗೆಳೆಯ. ಪುಣೆ ಅಂದ್ರೆ ಅವನ ಅಕ್ಕ. ನಮ್ಮನ್ನು ನಾವು ಕಳೆದರೆ ಉಳಿದದ್ದು ಸೊನ್ನೆ.

ಆಗ ಸರ್ಚ್ ಕನ್ಸೋಲ್ ತೆರೆದೆ. ಗೊತ್ತಿಲ್ಲದವರಿಗೆ ಸಂತೆಯ ಲೆಕ್ಕದಲ್ಲಿ ಹೇಳ್ತೀನಿ. ಅನಾಲಿಟಿಕ್ಸ್ ಅಂದ್ರೆ ಅಂಗಡಿ ಒಳಗೆ ಬಂದವರು ಏನು ಮಾಡಿದರು ಅನ್ನೋ ಲೆಕ್ಕ. ಸರ್ಚ್ ಕನ್ಸೋಲ್ ಬಾಗಿಲ ಹೊರಗಿನ ಲೆಕ್ಕ. ಜನ ಗೂಗಲ್‌ನಲ್ಲಿ ಏನಂತ ಟೈಪ್ ಮಾಡಿದಾಗ ನಮ್ಮ ಸೈಟ್ ಕಾಣಿಸಿತು, ಅದು ಇಂಪ್ರೆಷನ್. ಅವರಲ್ಲಿ ಎಷ್ಟು ಮಂದಿ ಒತ್ತಿ ಒಳಗೆ ಬಂದರು, ಅದು ಕ್ಲಿಕ್. ಸಂತೆಯ ಸಾಲಿನಲ್ಲಿ ನಮ್ಮದು ಸರಾಸರಿ ಎಷ್ಟನೇ ಅಂಗಡಿ, ಅದು ಪೊಸಿಷನ್. ಮೂರೂ ಪುಕ್ಕಟೆ ಸಿಗ್ತವೆ. 16 ತಿಂಗಳ ಲೆಕ್ಕ ಇಟ್ಟಿರ್ತದೆ.

ನಮ್ಮ ಲೆಕ್ಕದಲ್ಲಿ ಇಂಪ್ರೆಷನ್ನೇ ಇರಲಿಲ್ಲ. ಅಂದ್ರೆ ಬಾಗಿಲ ಮುಂದೆ ಯಾರೂ ಹಾದು ಹೋಗ್ತಿರಲಿಲ್ಲ. ಕಾರಣ ಹುಡುಕಲು ಗೂಗಲ್ ಜಾಹೀರಾತು ಖಾತೆಯಲ್ಲಿರೋ ಕೀವರ್ಡ್ ಪ್ಲಾನರ್ ತೆರೆದೆ. ಯಾವ ಪದವನ್ನು ತಿಂಗಳಿಗೆ ಸುಮಾರು ಎಷ್ಟು ಸಲ ಹುಡುಕ್ತಾರೆ ಅಂತ ಅದು ತೋರಿಸ್ತದೆ. ಜಾಹೀರಾತಿಗೆ ದುಡ್ಡು ಹಾಕದವರಿಗೆ ಇಷ್ಟರಿಂದ ಇಷ್ಟರೊಳಗೆ ಅನ್ನೋ ಅಂದಾಜು ಮಾತ್ರ. ಆದರೆ ನಮಗೆ ಅಷ್ಟೇ ಸಾಕಾಯ್ತು. "ಅಥಣಿ ಚಪ್ಪಲ್" ಕೆಳಗಿನ ಮೆಟ್ಟಿಲಲ್ಲಿ ಕೂತಿತ್ತು. "ಕೊಲ್ಹಾಪುರಿ ಚಪ್ಪಲ್" ಎಷ್ಟೋ ಮೆಟ್ಟಿಲು ಮೇಲಿತ್ತು.

ಕಾಕಾನ ಮುಂದೆ ಲ್ಯಾಪ್‌ಟಾಪ್ ಇಟ್ಟು ಹೇಳಿದೆ: "ಕಾಕಾ, ಹೆಸರು ಬದಲಿ ಮಾಡೂಣು."

ಕಾಕಾ ಕೈಯಲ್ಲಿನ ಉಳಿ ಕೆಳಗಿಟ್ಟರು. "ತಮ್ಮಾ, ಜನ್ಮ ಪೂರ್ತಿ ಮಾಡಿದ್ದು ನಾ, ಹೆಸರು ಅವರದು. ಈಗ ನನ್ನ ಸ್ವಂತ ಅಂಗಡಿ ಮ್ಯಾಲೂ ಅವರ ಹೆಸರೇ ಬರೀಬೇಕೇನು?"

ನನಗೆ ಉತ್ತರ ಹೊಳೀಲಿಲ್ಲ. ಡೇಟಾ ಹೇಳ್ತಾ ಇದ್ದದ್ದು ಖರೆ, ಕಾಕಾ ಹೇಳ್ತಾ ಇದ್ದದ್ದೂ ಖರೆ.

ಆಮೇಲೆ ಓದಿ ತಿಳಿದದ್ದು ಇದು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ, ಅಂದ್ರೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದು ಕೊಲ್ಹಾಪುರ ಒಂದಕ್ಕೇ ಅಲ್ಲ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ; ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಒಟ್ಟು 8 ಜಿಲ್ಲೆ. ನಮ್ಮ ಲಿಡ್ಕರ್ ಮತ್ತು ಅವರ ಲಿಡ್ಕಾಂ, ಎರಡೂ ನಿಗಮಗಳು ಅದರ ಒಡೆಯರು. ಯೋಚಿಸಿದರೆ ಸರಿಯೇ. 1956ರವರೆಗೆ ಬೆಳಗಾವಿ ಜಿಲ್ಲೆ ಇದ್ದದ್ದು ಮುಂಬಯಿ ರಾಜ್ಯದಲ್ಲಿ. ಗಡಿಗೆರೆ ಆಮೇಲೆ ಬಂತು, ಕಸುಬು ಅದಕ್ಕೂ ಎಷ್ಟೋ ಮೊದಲಿನದು. ಶಾಹು ಮಹಾರಾಜರ ಪ್ರೋತ್ಸಾಹ, ಕೊಲ್ಹಾಪುರದ ಪೇಟೆ, ಇವುಗಳಿಂದ ಹೆಸರು ಅಲ್ಲಿ ನಿಂತಿತು.

ಇದನ್ನು ಕಾಕಾಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ಆ ಹೆಸರಿನ್ಯಾಗ ನಮ್ಮ ಪಾಲೂ ಐತಿ ಅಂದಂಗಾತು. ಮ್ಯಾಲ ಕೊಲ್ಹಾಪುರಿ ಬರಿ, ಮಗ್ಗಲಕ್ಕ ಅಥಣಿ ಬರಿ. ಅಥಣಿ ಅಳಸಬ್ಯಾಡ" ಅಂದರು. ಜಿಐ ಹೆಸರನ್ನು ಬಳಸೋ ತಯಾರಕರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಮೊದಲು ಆ ಕಾಗದಪತ್ರಕ್ಕೆ ಓಡಾಡಿದೆವು. ಆಮೇಲೆ ಸೈಟಿನ ತಲೆಬರಹ ಹೀಗಾಯ್ತು: "ಕೊಲ್ಹಾಪುರಿ ಚಪ್ಪಲಿ, ಅಥಣಿಯಲ್ಲಿ ಕೈಯಿಂದ ಮಾಡಿದ್ದು."

ಇಂಪ್ರೆಷನ್ ನಿಧಾನಕ್ಕೆ ಬರತೊಡಗಿತು. ಪೊಸಿಷನ್ ಮಾತ್ರ ಎಲ್ಲೋ ಐದಾರನೇ ಪುಟದಲ್ಲಿ. ದೊಡ್ಡ ದೊಡ್ಡ ಕಂಪನಿಗಳು ಸಾಲಾಗಿ ಕೂತಿರೋ ಸಂತೆಯಲ್ಲಿ ನಮ್ಮದು ಕೊನೇ ಬುಟ್ಟಿ.

ಅಷ್ಟರಲ್ಲಿ 2025ರ ಜೂನ್ ಬಂತು. ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಶೋನಲ್ಲಿ ಥೇಟ್ ಕೊಲ್ಹಾಪುರಿಯಂಥ ಚಪ್ಪಲಿ ತೋರಿಸಿತು, ಮೂಲ ಎಲ್ಲಿಯದು ಅಂತ ಹೇಳದೆ. ದೇಶದಲ್ಲೆಲ್ಲ ಗದ್ದಲ. ಕಡೆಗೆ ಕಂಪನಿ ಭಾರತದ ಕರಕುಶಲ ಕಲೆಯಿಂದ ಪ್ರೇರಣೆ ಪಡೆದದ್ದು ಅಂತ ಒಪ್ಪಿಕೊಂಡಿತು. ಗೂಗಲ್ ಟ್ರೆಂಡ್ಸ್‌ನಲ್ಲಿ "ಕೊಲ್ಹಾಪುರಿ" ಗೆರೆ ನೆಟ್ಟಗೆ ಮೇಲೆದ್ದಿತು. ಇಂಥ ಅವಕಾಶ ಬಿಡೋದುಂಟೆ? ರಾತ್ರೋರಾತ್ರಿ ಪ್ರಾಡಾ ಹೆಸರು ಹಾಕಿ ಒಂದು ಪುಟ ಬರೆದೆ. ಮೂರನೇ ದಿನಕ್ಕೆ ನಮ್ಮ ಗ್ರಾಫೂ ಮೇಲಕ್ಕೆ ಹೊರಟಿತು. ಗೆಳೆಯ ಅದರ ಸ್ಕ್ರೀನ್‌ಶಾಟ್ ತೆಗೆದು ಊರ ಗ್ರೂಪಿಗೆಲ್ಲ ಹಾಕಿದ.

ತಪ್ಪಾದದ್ದು ಇಲ್ಲೇ. ಕಾಕಾ ಕೇಳಿದರು, "ಇಷ್ಟ್ ಮಂದಿ ಬರಾಕತ್ತಾರಂದ್ರ ಮಾಲು ಬೇಕಾಗ್ತೈತಿ, ಹೌದಿಲ್ಲೋ ತಮ್ಮಾ?" ನಾನು "ಹೌದ್ ಕಾಕಾ" ಅಂದುಬಿಟ್ಟೆ. ಅವರು ಹೋಗಿ ಉದ್ರಿಯಲ್ಲಿ ತೊಗಲು ತಂದರು.

ಒಂದು ವಾರ ಆಯ್ತು, ಎರಡು ವಾರ ಆಯ್ತು. ಕಾಕಾ ದಿನಾ ಸಂಜೆ ಒಂದೇ ಪ್ರಶ್ನೆ: "ಎಷ್ಟು ಜೋಡಿ ಹೋದುವು?" ಒಂದೂ ಇಲ್ಲ. ಬಂದವರೆಲ್ಲ ಜಗಳದ ಸುದ್ದಿ ಓದೋಕೆ ಬಂದವರು. ಅರ್ಧ ನಿಮಿಷ ಓದಿ ಹೋದರು. ವಾಟ್ಸಾಪ್ ಬಟನ್ ಯಾರೂ ಮುಟ್ಟಲಿಲ್ಲ. ಮೇಲೆ ಮಳೆಗಾಲ ಬೇರೆ. ತೊಗಲಿನ ಚಪ್ಪಲಿಯನ್ನು ಮಳೆಗಾಲದಲ್ಲಿ ಯಾರು ಕೊಳ್ತಾರೆ? ಇದು ಚಪ್ಪಲಿ ಮಾಡೋ ಮನೆಯ ಮಕ್ಕಳಿಗೂ ಗೊತ್ತಿರೋ ವಿಷಯ. ಗ್ರಾಫ್ ನೋಡ್ತಾ ಕೂತ ನನಗೆ ಹೊಳೀಲಿಲ್ಲ. ಗ್ರಾಫ್ ತೋರಿಸಿದ್ದು ನಾನು, ಉದ್ರಿ ಬಿದ್ದದ್ದು ಕಾಕಾನ ತಲೆ ಮೇಲೆ. ಆ ತಿಂಗಳೇ ಗೆಳೆಯ ಪುಣೆ ಕಡೆಯ ಕಾರ್ಖಾನೆ ಕೆಲಸಕ್ಕೆ ಅರ್ಜಿ ಹಾಕಿದ. ನನಗೆ ಅವರ ಮನೆಗೆ ಹೋಗೋಕೂ ಮುಜುಗರ.

ಒಂದು ರಾತ್ರಿ ಸರ್ಚ್ ಕನ್ಸೋಲ್‌ನ ಪಟ್ಟಿಯನ್ನು ಮೇಲಿನಿಂದ ಓದೋದು ಬಿಟ್ಟು ಕೆಳಗಿನಿಂದ ಓದಿದೆ. ಮೇಲೆ ಇದ್ದದ್ದು ಸಾವಿರಾರು ಜನ ಹುಡುಕೋ ಒಂದೆರಡು ಪದಗಳು. ಕೆಳಗೆ ಒಬ್ಬಿಬ್ಬರು ಕೇಳಿದ ಉದ್ದುದ್ದ ಪ್ರಶ್ನೆಗಳು. ಹೊಸ ಕೊಲ್ಹಾಪುರಿ ಕಚ್ಚಿದರೆ ಏನು ಮಾಡಬೇಕು? ಅಗಲ ಪಾದಕ್ಕೆ ಯಾವ ಸೈಜು? ನೀರಲ್ಲಿ ನೆನೆದರೆ ಹೇಗೆ ಒಣಗಿಸೋದು? ಅಸಲಿ ತೊಗಲು ಅಂತ ಗುರುತಿಸೋದು ಹೇಗೆ? ಇವನ್ನು ಕೇಳೋರು ಸುದ್ದಿ ಓದೋರಲ್ಲ. ಕೊಳ್ಳೋ ಮನಸ್ಸು ಮಾಡಿ, ಕೊನೇ ಗಳಿಗೆಯಲ್ಲಿ ಅನುಮಾನದಲ್ಲಿ ನಿಂತವರು. ಈ ಪ್ರಶ್ನೆಗಳಿಗೆ ನಮ್ಮ ಸೈಟಿನಲ್ಲಿ ಒಂದೇ ಒಂದು ಸಾಲಿನ ಉತ್ತರ ಇರಲಿಲ್ಲ.

ಉತ್ತರ ನನಗೂ ಗೊತ್ತಿರಲಿಲ್ಲ, ಬಿಡಿ. ಕಾಕುಗೆ ಗೊತ್ತಿತ್ತು. ಹೆಣಿಗೆ ಹಾಕ್ತಾ ಹಾಕ್ತಾ ಹೇಳಿದರು: "ಮೊದಲ ದಿನಾನ ಊರು ತಿರಗಾಕ ಹೋಗಬಾರದಪಾ. ಪಟ್ಟಿಗೆ ಸ್ವಲ್ಪ ಔಡಲೆಣ್ಣಿ ಹಚ್ಚಿ, ಮನ್ಯಾಗ ಅರ್ಧ ತಾಸು ಹಾಕ್ಕೊಂಡು ಅಡ್ಡಾಡಬೇಕು. ನಾಕ್ ದಿನದಾಗ ಅದು ಕಾಲಿನ ಮಾತು ಕೇಳ್ತೈತಿ. ನೆನದ್ರ ಬಿಸಲಿಗೆ ಇಡಬ್ಯಾಡ್ರಿ, ನೆರಳಾಗ ಒಣಗಸ್ರಿ." ಅಗಲ ಪಾದದವರು ಹಾಳೆ ಮೇಲೆ ಕಾಲಿಟ್ಟು ಸುತ್ತ ಪೆನ್ಸಿಲ್ ಗೆರೆ ಎಳೆದು ಫೋಟೊ ಕಳಿಸಿದರೆ ಸಾಕು, ಅಳತೆಗೆ ತಕ್ಕ ಹಾಗೆ ಮಾಡಿಕೊಡ್ತೀವಿ ಅಂದರು ಕಾಕಾ.

ಒಂದೊಂದು ಪ್ರಶ್ನೆಗೆ ಒಂದೊಂದು ಪುಟ ಮಾಡಿದೆವು. ಕಾಕುನ ಮಾತು, ಕಾಕುನ ಕೈ ಕಾಣೋ ಫೋಟೊ. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ. ಪ್ರಾಡಾ ಪುಟ ತೆಗೆದೆ. ಅನಾಲಿಟಿಕ್ಸ್‌ನಲ್ಲಿ ವಾಟ್ಸಾಪ್ ಬಟನ್ ಒತ್ತಿದವರನ್ನು ಬೇರೆಯಾಗಿ ಎಣಿಸೋ ಹಾಗೆ ಮಾಡಿ, ಗೆಳೆಯನಿಗೆ ಹೇಳಿದೆ: "ಇನ್ಮ್ಯಾಲ ಇದೊಂದ ನಂಬರ್ ನೋಡು."

ಮಳೆ ನಿಂತ ಮೇಲೆ ಒಂದೊಂದೇ ಮೆಸೇಜ್ ಬರತೊಡಗಿದವು. ಮೊದಲ ಪಾದದ ಗೆರೆ ಹೈದರಾಬಾದಿನ ಒಬ್ಬ ಮೇಡಂ ಕಳಿಸಿದ್ದು. ಕಾಕು ಆ ಫೋಟೊ ನೋಡಿ, "ನನ್ನಂಗ ಅಗಲ ಕಾಲು ಐತಿ ನೋಡು" ಅಂತ ನಕ್ಕರು. ದೀಪಾವಳಿ ಹೊತ್ತಿಗೆ ಉದ್ರಿ ತೀರಿತು. ಪೂರ್ತಿ ಸೈಟಿನಿಂದಲೇ ಅಂತ ಹೇಳಿದರೆ ಸುಳ್ಳಾಗ್ತದೆ. ಅರ್ಧ ಮಾಲು ಎಂದಿನ ವ್ಯಾಪಾರಿಯೇ ಒಯ್ದ, ಎಂದಿನ ದರಕ್ಕೇ.

ನಿಮ್ಮ ಮನೆಯಲ್ಲೂ ಅವ್ವ ಶೇಂಗಾ ಹೋಳಿಗೆ ಮಾಡಿ ಮಾರ್ತಿರಬಹುದು, ಅಕ್ಕ ಬ್ಲೌಸ್ ಹೊಲೀತಿರಬಹುದು. ಅವರಿಗೊಂದು ಸೈಟ್ ಮಾಡಿಕೊಟ್ಟಿದ್ದರೆ, ನನ್ನ ತಪ್ಪಿನಿಂದ ಕಲಿತ ನಾಲ್ಕು ಮಾತು ಕೇಳಿ.

ಮೊದಲು ನಿಮ್ಮ ಮನೆಯವರ ಫೋನುಗಳನ್ನು ಲೆಕ್ಕದಿಂದ ಕಳೆಯಿರಿ.

ನೀವು ಕರೆಯೋ ಹೆಸರು ಬೇರೆ, ಹುಡುಕೋರು ಕರೆಯೋ ಹೆಸರು ಬೇರೆ ಇರಬಹುದು. ಎರಡನ್ನೂ ಬರೆಯಿರಿ. ಆದರೆ ಆ ಹೆಸರಿನಲ್ಲಿ ನಿಮ್ಮ ಪಾಲು ನಿಜವಾಗಿ ಇದ್ದರೆ ಮಾತ್ರ.

ಕೀವರ್ಡ್ ಪಟ್ಟಿಯನ್ನು ಕೆಳಗಿನಿಂದ ಓದಿ. ಸಣ್ಣ ಅಂಗಡಿಗೆ ಗಿರಾಕಿ ಬರೋದು ಉದ್ದ ಪ್ರಶ್ನೆಗಳಿಂದ. ತೀರಾ ಅಪರೂಪದ ಪ್ರಶ್ನೆಗಳನ್ನು ಗೂಗಲ್ ಖಾಸಗಿತನಕ್ಕಾಗಿ ತೋರಿಸೋದಿಲ್ಲ. ಅವು ಬೇಕಿದ್ದರೆ ವಾಟ್ಸಾಪ್‌ನಲ್ಲಿ ಗಿರಾಕಿಗಳು ಕೇಳಿದ್ದನ್ನು ಒಂದು ವಹಿಯಲ್ಲಿ ಬರೆದಿಡಿ.

ಕೊನೆಯದು, ಗ್ರಾಫ್ ನೋಡಿ ಯಾರಿಗೂ ಮಾಲು ತರಿಸಬೇಡಿ.

ಗೆಳೆಯನಿಗೆ ಪುಣೆಯ ಕೆಲಸ ಸಿಕ್ಕಿತು, ಹೋದ. ಅವನನ್ನು ತಡೆಯೋ ಧೈರ್ಯ ನನಗಿರಲಿಲ್ಲ. ತಡೆಯೋದು ಸರಿಯೂ ಆಗ್ತಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ರೂಮಿಗೆ ಬಂದು ಆರ್ಡರ್ ಮೆಸೇಜುಗಳಿಗೆ ಅವನೇ ಉತ್ತರ ಕೊಡ್ತಾನೆ. ನಾನು ತಿಂಗಳಿಗೊಮ್ಮೆ ಅಂಕಲಿಗೆ ಬಂದಾಗ ಅಥಣಿಗೆ ಹೋಗಿಬರ್ತೀನಿ. ಕಾಕಾ ಈಗ ಎಷ್ಟು ಮಂದಿ ಬಂದಿದ್ದರು ಅಂತ ಕೇಳೋದೇ ಇಲ್ಲ.

"ಈ ಸಲ ಮಂದಿ ಏನ್ ಕೇಳ್ಯಾರ, ಓದಿ ಹೇಳು ತಮ್ಮಾ" ಅಂತಾರೆ. ನಾನು ಒಂದೊಂದೇ ಓದ್ತೀನಿ. ಕಾಕು ಪಟ್ಟಿ ಹೆಣೀತಾನೇ ಉತ್ತರ ಹೇಳ್ತಾ ಹೋಗ್ತಾರೆ.