ನಿಮ್ಮ ನೆಟ್‌ವರ್ಕ್ ಕಾರ್ಡಿನ ಹೆಸರೇನು?

ನಮ್ಮ ವಿಜಯನಗರದಲ್ಲಿ ಎಂಜಿನಿಯರಿಂಗ್ ಓದುವವರಿಗೆ ಬರವಿಲ್ಲ. ಅತ್ತಿಗುಪ್ಪೆ, ಹಂಪಿನಗರ, ಚಂದ್ರಾ ಲೇಔಟ್ ಕಡೆಯ ಪಿಜಿಗಳಲ್ಲಿ, ಮಹಡಿ ಮೇಲಿನ ಬಾಡಿಗೆ ಕೋಣೆಗಳಲ್ಲಿ ಇರುವ ಈ ಹುಡುಗ ಹುಡುಗಿಯರಲ್ಲಿ ಯಾರನ್ನಾದರೂ ಕೇಳಿ ನೋಡಿ. ಲ್ಯಾಪ್‌ಟಾಪ್ ಯಾವ ಕಂಪನಿಯದು, ಪ್ರೊಸೆಸರ್ ಎಷ್ಟನೇ ತಲೆಮಾರಿನದು, ರ‍್ಯಾಮ್ ಎಷ್ಟು ಎಂಬುದಕ್ಕೆಲ್ಲ ತಟ್ಟನೆ ಉತ್ತರ ಬರುತ್ತದೆ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಇದರೊಳಗಿರುವ ನೆಟ್‌ವರ್ಕ್ ಕಾರ್ಡ್ ಯಾವುದು, ಅದನ್ನು ನಡೆಸುತ್ತಿರುವ ಡ್ರೈವರ್ ಯಾವುದು? ನಾನು ಕೇಳಿದವರಲ್ಲಿ ಬಹಳಷ್ಟು ಜನ ನಕ್ಕು, 'ಅದು ತಾನಾಗೇ ಆಗುತ್ತಲ್ಲ ಸರ್' ಅಂದಿದ್ದಾರೆ.

ಈ 'ತಾನಾಗೇ' ಎಂಬ ಮಾತಿನ ಮೇಲೆ ನನಗೆ ಜಗಳವಿದೆ. ಕಂಪ್ಯೂಟರಿನೊಳಗೆ ಯಾವುದೂ ತಾನಾಗೇ ಆಗುವುದಿಲ್ಲ. ಯಾರೋ ಕೂತು ಬರೆದಿರುತ್ತಾರೆ, ಯಾರೋ ನಿಮ್ಮ ಪರವಾಗಿ ಆರಿಸಿರುತ್ತಾರೆ. ಅದನ್ನು ತಿಳಿಯದ ಬಳಕೆದಾರನನ್ನು ನಾನು ದೂರುವುದಿಲ್ಲ. ಆದರೆ ಆಪರೇಟಿಂಗ್ ಸಿಸ್ಟಂ ಎಂಬ ವಿಷಯದಲ್ಲಿ ನಾಲ್ಕು ಕ್ರೆಡಿಟ್ ಪಡೆದು ಪಾಸಾಗುವ ವಿದ್ಯಾರ್ಥಿಗೂ ಅದು ತಿಳಿದಿಲ್ಲವೆಂದರೆ, ಆ ವಿಷಯವನ್ನು ನಾವು ಕಲಿಸುತ್ತಿರುವ ರೀತಿಯೇ ಸುಳ್ಳು ಎನ್ನಬೇಕಾಗುತ್ತದೆ.

ಸಾಹಿತ್ಯದ ಓದುಗರಿಗಾಗಿ ಎರಡು ಮಾತು. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಯಂತ್ರದ ಬಿಡಿಭಾಗಗಳ ಜೊತೆ ನೇರವಾಗಿ ಮಾತಾಡುವ ಅಧಿಕಾರ ಅದಕ್ಕೆ ಮಾತ್ರ. ಆದರೆ ಒಂದೊಂದು ಕಾರ್ಡಿನ ಭಾಷೆ ಒಂದೊಂದು ಥರ. ಆ ಭಾಷೆ ಬಲ್ಲ ಕೋಡಿನ ತುಂಡೇ ಡ್ರೈವರ್. ಪ್ರತಿ ಕಾರ್ಡೂ ಎರಡು ಸಂಖ್ಯೆಗಳನ್ನು ಹೊತ್ತಿರುತ್ತದೆ, ಒಂದು ತಯಾರಕರದು, ಇನ್ನೊಂದು ಮಾದರಿಯದು. ಇಂಟೆಲ್ ಕಂಪನಿಯ ಸಂಖ್ಯೆ 8086, ತನ್ನ ಹಳೆಯ ಹೆಸರಾಂತ ಪ್ರೊಸೆಸರಿನ ಹೆಸರನ್ನೇ ಅದು ಇಟ್ಟುಕೊಂಡಿದೆ. ಪ್ರತಿ ಡ್ರೈವರಿನಲ್ಲೂ ತಾನು ನಡೆಸಬಲ್ಲ ಕಾರ್ಡುಗಳ ಸಂಖ್ಯೆಗಳ ಪಟ್ಟಿ ಇರುತ್ತದೆ. ಯಂತ್ರ ಶುರುವಾಗುವಾಗ ಕರ್ನಲ್ ಈ ಎರಡನ್ನೂ ಜಾತಕ ಕೂಡಿಸಿದ ಹಾಗೆ ಕೂಡಿಸುತ್ತದೆ. ಕೂಡಿದರೆ ನೆಟ್ ಬರುತ್ತದೆ, ಇಲ್ಲದಿದ್ದರೆ ಕಾರ್ಡ್ ಇದ್ದೂ ಇಲ್ಲದ ಹಾಗೆ.

ಲಿನಕ್ಸ್ ಕರ್ನಲ್ಲನ್ನು ನಾವೇ ಕಟ್ಟುವಾಗ ಈ ಕೂಡಿಕೆಯ ಸಿದ್ಧತೆ ನಮ್ಮ ಕೈಗೆ ಬರುತ್ತದೆ. 'ಮೇಕ್ ಮೆನುಕಾನ್ಫಿಗ್' ಎಂದು ಟೈಪ್ ಮಾಡಿದರೆ ನೀಲಿ ಪರದೆಯ ಮೇಲೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ಡಿವೈಸ್ ಡ್ರೈವರ್ಸ್, ಅದರೊಳಗೆ ನೆಟ್‌ವರ್ಕ್, ಅದರೊಳಗೆ ಈಥರ್ನೆಟ್, ಆಮೇಲೆ ಕಂಪನಿಗಳ ಸಾಲು. ಒಂದೊಂದು ಡ್ರೈವರಿನ ಮುಂದೆಯೂ ನೀವು ಮೂರರಲ್ಲಿ ಒಂದು ಅಕ್ಷರ ಆರಿಸಬೇಕು. 'ವೈ' ಅಂದರೆ ಅದು ಕರ್ನಲ್ಲಿನ ಒಳಗೇ ಬೆರೆತುಹೋಗುತ್ತದೆ. 'ಎಂ' ಅಂದರೆ ಮಾಡ್ಯೂಲ್, ಬೇಕಾದಾಗ ಡಿಸ್ಕಿನಿಂದ ಬಂದು ಸೇರಿಕೊಳ್ಳುತ್ತದೆ. 'ಎನ್' ಅಂದರೆ ಬೇಡ. ಪ್ರತಿಯೊಂದಕ್ಕೂ ನಾಲ್ಕಾರು ಸಾಲಿನ ವಿವರಣೆಯಿದೆ. ಅನೇಕ ವಿವರಣೆಗಳ ಕೊನೆಯಲ್ಲಿ ಒಂದು ಬುದ್ಧಿಮಾತು ಬರುತ್ತದೆ: ಖಾತ್ರಿಯಿಲ್ಲದಿದ್ದರೆ 'ಎನ್' ಅನ್ನಿ. ನಮ್ಮ ಕಾಲೇಜುಗಳು ಇದನ್ನು ತಿರುಗಿಸಿ ಕಲಿಸಿವೆ: ಖಾತ್ರಿಯಿಲ್ಲದಿದ್ದರೆ ಎಂಟರ್ ಒತ್ತು.

ವಿಟಿಯು 2022ರ ಸ್ಕೀಮಿನಲ್ಲಿ ಮೂರನೇ ಸೆಮಿಸ್ಟರಿಗೆ ಆಪರೇಟಿಂಗ್ ಸಿಸ್ಟಮ್ಸ್ ಇದೆ. ಪ್ರಯೋಗಗಳ ಪಟ್ಟಿ ನೋಡಿ: ಸಿಪಿಯು ಷೆಡ್ಯೂಲಿಂಗ್, ಬ್ಯಾಂಕರ್ಸ್ ಅಲ್ಗಾರಿದಮ್, ಪೇಜ್ ರಿಪ್ಲೇಸ್‌ಮೆಂಟ್, ಡಿಸ್ಕ್ ಷೆಡ್ಯೂಲಿಂಗ್. ಬಹುಪಾಲು ಸಿ ಭಾಷೆಯಲ್ಲಿ ಬರೆಯುವ ಅನುಕರಣೆ. ಡಿಸ್ಕ್ ಇಲ್ಲದ ಡಿಸ್ಕ್, ಪ್ರೋಸೆಸ್ ಇಲ್ಲದ ಪ್ರೋಸೆಸ್, ಪ್ರಿಂಟ್ ಆದ ನಾಲ್ಕು ಅಂಕಿ. ತತ್ತ್ವ ತಿಳಿಯಲು ಇವು ಬೇಕು, ತಕರಾರಿಲ್ಲ. ಆದರೆ ನಿಜವಾದ ಒಂದು ಕರ್ನಲ್ಲನ್ನು ಕಟ್ಟಿ ಎಬ್ಬಿಸುವ ಒಂದೇ ಒಂದು ಪ್ರಯೋಗ ಅದರಲ್ಲಿಲ್ಲ. ಕುಮಾರವ್ಯಾಸನನ್ನು ಗೈಡ್ ಪುಸ್ತಕದ ಸಾರಾಂಶದಲ್ಲಿ ಓದಿ ಎಂ.ಎ. ಮಾಡಿದವರನ್ನು ಈ ಪತ್ರಿಕೆಯ ಓದುಗರು ಏನನ್ನುತ್ತೀರಿ? ಆ ಮಾತನ್ನೇ ಇಲ್ಲಿಗೂ ಹೇಳಿ. ಮೂಲ ಪಠ್ಯ ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳುವಂತೆ ಬಿದ್ದಿರುವಾಗ ಸಾರಾಂಶಕ್ಕೆ ಅಂಕ ಕೊಡುತ್ತಿದ್ದೇವೆ.

ಮೂಲ ಪಠ್ಯ ಏನು ಕಲಿಸುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಬೀದಿಯ ಪಿಜಿಯಲ್ಲಿದ್ದ ಹಾಸನ ಕಡೆಯ ಹುಡುಗನೊಬ್ಬ ಹಟ ಹಿಡಿದು ತನ್ನ ಲ್ಯಾಪ್‌ಟಾಪಿಗೆ ತಾನೇ ಕರ್ನಲ್ ಕಟ್ಟಿದ. ವೈಫೈ ಡ್ರೈವರಿಗೆ 'ವೈ' ಒತ್ತಿದ್ದ, ಒಳಗೇ ಇದ್ದರೆ ಗಟ್ಟಿ ಎಂಬ ಲೆಕ್ಕ. ಯಂತ್ರ ಎದ್ದಿತು, ವೈಫೈ ಏಳಲಿಲ್ಲ. ಕರ್ನಲ್ ಬರೆದಿಟ್ಟಿದ್ದ ಸಂದೇಶದಲ್ಲಿ ಫರ್ಮ್‌ವೇರ್ ಸಿಗಲಿಲ್ಲ, ದೋಷ ಮೈನಸ್ ಎರಡು ಎಂದಿತ್ತು. ಮೈನಸ್ ಎರಡು ಎಂದರೆ ಅಂಥ ಫೈಲೇ ಇಲ್ಲ ಎಂದರ್ಥ. 'ಸರ್, ಫೈಲು ಇಲ್ಲೇ ಇದೆ, ನೋಡಿ. ಆದ್ರೂ ಇಲ್ಲ ಅಂತಿದೆ' ಎಂದು ಅವನು ಲ್ಯಾಪ್‌ಟಾಪನ್ನು ನನ್ನ ಮುಂದೆ ತಿರುಗಿಸಿದ. ಫೈಲು ಇದ್ದದ್ದು ನಿಜ.

ಡ್ರೈವರ್ ಓಡುವುದು ನಮ್ಮ ಪ್ರೊಸೆಸರಿನ ಮೇಲೆ. ಫರ್ಮ್‌ವೇರ್ ಓಡುವುದು ಕಾರ್ಡಿನ ಹೊಟ್ಟೆಯೊಳಗೆ. ವೈಫೈ ಕಾರ್ಡುಗಳಲ್ಲಿ ಹಲವು ಅದನ್ನು ತಮ್ಮಲ್ಲಿ ಕಾಯಂ ಇಟ್ಟುಕೊಂಡಿರುವುದಿಲ್ಲ. ಪ್ರತಿ ಸಲ ಎದ್ದಾಗಲೂ ಡ್ರೈವರ್ ಡಿಸ್ಕಿನಿಂದ ಅದನ್ನು ತಂದು ಉಣಿಸಬೇಕು. ಹುಡುಗನ ಡ್ರೈವರ್ ಕರ್ನಲ್ಲಿನ ಒಳಗೇ ಇದ್ದುದರಿಂದ ಎಲ್ಲರಿಗಿಂತ ಮೊದಲೇ ಎದ್ದು ಫೈಲು ಕೇಳಿತು. ಆ ಹೊತ್ತಿಗೆ ಫೈಲುಗಳಿರುವ ಡಿಸ್ಕ್ ಇನ್ನೂ ಜೋಡಣೆಯಾಗಿರಲಿಲ್ಲ. ಅಡುಗೆಯವನು ಬರುವ ಮೊದಲೇ ಪಂಕ್ತಿಯಲ್ಲಿ ಕೂತ ಹಾಗೆ. 'ವೈ' ತೆಗೆದು 'ಎಂ' ಮಾಡಿ ಮತ್ತೆ ಕಟ್ಟಿದ, ವೈಫೈ ಬಂತು. ಫರ್ಮ್‌ವೇರನ್ನೂ ಕರ್ನಲ್ಲಿನೊಳಗೆ ಸೇರಿಸಿ ಕಟ್ಟುವ ದಾರಿಯೂ ಇತ್ತು. ಯಂತ್ರ ಏಳುವ ಕ್ರಮ, ಡಿಸ್ಕ್ ಜೋಡಣೆ, ಡ್ರೈವರಿಗೂ ಫರ್ಮ್‌ವೇರಿಗೂ ಇರುವ ವ್ಯತ್ಯಾಸ, ಇವಿಷ್ಟೂ ಒಂದು ಅಕ್ಷರದ ಬದಲಾವಣೆಯಲ್ಲಿ ಅವನ ತಲೆಗೆ ಹತ್ತಿದವು. ಮರೆಯುವ ಪಾಠವಲ್ಲ ಅದು.

ಫರ್ಮ್‌ವೇರ್ ಎಂದ ಕೂಡಲೇ ರಾಜಕೀಯವೂ ಬರುತ್ತದೆ, ಬರಬೇಕು ಕೂಡ. ನೀವು ದುಡ್ಡು ಕೊಟ್ಟು ಕೊಂಡ ಕಾರ್ಡಿನೊಳಗೆ ಓಡುವ ಆ ಫೈಲಿನ ಮೂಲ ಬಹುತೇಕ ಯಾರಿಗೂ ಓದಲು ಸಿಗದು. ಡ್ರೈವರುಗಳ ಚರಿತ್ರೆಯೂ ಸುಲಭದ್ದಲ್ಲ. ಲಿನಕ್ಸಿನ ಆರಂಭದ ಈಥರ್ನೆಟ್ ಡ್ರೈವರುಗಳಲ್ಲಿ ಅನೇಕವನ್ನು ಬರೆದವರು ಡೊನಾಲ್ಡ್ ಬೆಕರ್. ಅಗ್ಗದ ಪಿಸಿಗಳನ್ನು ಹೆಣೆದು ಸೂಪರ್ ಕಂಪ್ಯೂಟರಿನ ಕೆಲಸ ತೆಗೆಯುವ ಬಿಯೊವುಲ್ಫ್ ಯೋಜನೆಯಲ್ಲಿ 1994ರಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ದುಡಿದವರು. ಬ್ರಾಡ್‌ಕಾಮ್ ವೈಫೈ ಚಿಪ್ಪುಗಳಿಗೆ ಕಂಪನಿ ಮುಕ್ತ ಡ್ರೈವರ್ ಕೊಡದೆ ಇದ್ದಾಗ ಸ್ವಯಂಸೇವಕರು ಎರಡು ಗುಂಪಾದರು. ಒಂದು ಗುಂಪು ಕಂಪನಿಯ ಡ್ರೈವರನ್ನು ಬಿಚ್ಚಿ ಅದು ಏನು ಮಾಡುತ್ತದೆಂದು ಬರೆಯಿತು. ಇನ್ನೊಂದು ಗುಂಪು ಆ ಬರಹವನ್ನಷ್ಟೇ ಓದಿ ಹೊಸ ಡ್ರೈವರ್ ಬರೆಯಿತು. 2006ರಲ್ಲಿ ಅದು ಕರ್ನಲ್ ಸೇರಿತು. ಕಂಪನಿ ತಾನೇ ಮುಕ್ತ ಡ್ರೈವರ್ ಬಿಡುಗಡೆ ಮಾಡಿದ್ದು 2010ರ ಸೆಪ್ಟೆಂಬರಿನಲ್ಲಿ. ನಿಮ್ಮ 'ತಾನಾಗೇ'ಯ ಹಿಂದೆ ಇಷ್ಟು ಜನರ ನಿದ್ದೆಗೆಟ್ಟ ರಾತ್ರಿಗಳಿವೆ.

2008ರ ಇನ್ನೊಂದು ಪ್ರಸಂಗ. 2.6.27 ಕರ್ನಲ್ಲಿನ ಪರೀಕ್ಷಾ ಆವೃತ್ತಿಗಳಲ್ಲಿ ಇಂಟೆಲ್‌ನ ಕೆಲವು ನೆಟ್‌ವರ್ಕ್ ಕಾರ್ಡುಗಳು ಸತ್ತುಹೋಗತೊಡಗಿದವು. ಕಾರ್ಡಿನ ಸ್ವಂತ ನೆನಪಿನ ಚಿಪ್ಪಿನಲ್ಲಿದ್ದ ವಿವರವೇ ಅಳಿಸಿಹೋಗುತ್ತಿತ್ತು. ಎಲ್ಲರೂ ಬೆರಳು ತೋರಿಸಿದ್ದು 'ಇ1000ಇ' ಡ್ರೈವರಿನ ಕಡೆಗೆ. ಹುಡುಕುತ್ತ ಹೋದಾಗ ಡ್ರೈವರ್ ನಿರಪರಾಧಿ ಎಂದು ಗೊತ್ತಾಯಿತು. ನೆಟ್‌ವರ್ಕಿಗೆ ಸಂಬಂಧವೇ ಇಲ್ಲದ, ಕರ್ನಲ್ಲಿನ ಒಳಹರಿವನ್ನು ಪತ್ತೆಹಚ್ಚುವ 'ಡೈನಮಿಕ್ ಎಫ್‌ಟ್ರೇಸ್' ಎಂಬ ಆಯ್ಕೆ, ತನ್ನದಲ್ಲದ ವಿಳಾಸಕ್ಕೆ ಹೋಗಿ ಬರೆಯುತ್ತಿತ್ತು. ಅದೇ ಅಕ್ಟೋಬರಿನಲ್ಲಿ ಆ ಆಯ್ಕೆಗೆ ಬೀಗ ಬಿತ್ತು. ಕಳ್ಳನನ್ನು ಹಿಡಿದವರು ಆಯ್ಕೆಗಳನ್ನು ಒಂದೊಂದಾಗಿ ಬದಲಿಸಿ ಕಟ್ಟಿ ನೋಡಬಲ್ಲವರು, ಮೂಲವನ್ನು ಓದಬಲ್ಲವರು. ಎಂಟರ್ ಒತ್ತುವವರು ಆಗಲೂ ಡ್ರೈವರನ್ನೇ ಬೈಯುತ್ತ ಕೂತಿರುತ್ತಿದ್ದರು.

ಇದನ್ನು ಬೆಂಗಳೂರಿನಲ್ಲಿ ಕೂತು ಹೇಳಬೇಕಾಗಿ ಬಂದಿರುವುದೇ ನನ್ನ ಸಂಕಟ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದದ್ದು 1985ರಲ್ಲಿ. ಇಂಟೆಲ್, ಬ್ರಾಡ್‌ಕಾಮ್, ಕ್ವಾಲ್‌ಕಾಮ್, ನೆಟ್‌ವರ್ಕ್ ಚಿಪ್ ಮಾಡುವ ಈ ಕಂಪನಿಗಳಿಗೆಲ್ಲ ಇಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ. ಕರ್ನಲ್ಲಿನ 'ಕೆಪ್ರೋಬ್ಸ್' ಎಂಬ ಭಾಗವನ್ನು ಬೆಳೆಸಿದವರಲ್ಲಿ ಐಬಿಎಂನ ಬೆಂಗಳೂರಿನ ಎಂಜಿನಿಯರುಗಳಿದ್ದಾರೆ. 2001ರಲ್ಲಿ 'ಲಿನಕ್ಸ್ ಬೆಂಗಳೂರು' ಎಂದು ಶುರುವಾಗಿ ಆಮೇಲೆ 'ಫಾಸ್ ಡಾಟ್ ಇನ್' ಆದ ಸಮ್ಮೇಳನಕ್ಕೆ ಜಗತ್ತಿನ ಕರ್ನಲ್ ಬರಹಗಾರರು ಈ ಊರಿಗೇ ಬರುತ್ತಿದ್ದರು. 2012ರ ನಂತರ ಅದೂ ನಿಂತಿತು. 2023ರ ಅಕ್ಟೋಬರಿನಿಂದ ವಿಜಯನಗರದಲ್ಲಿ ನೇರಳೆ ಮೆಟ್ರೊ ಹತ್ತಿದರೆ ರೈಲು ಬದಲಿಸದೆ ವೈಟ್‌ಫೀಲ್ಡ್ ತಲುಪಬಹುದು. ಆದರೆ ನಮ್ಮ ಲ್ಯಾಬಿನಿಂದ ಆ ಕೇಂದ್ರಗಳ ಕೆಲಸಕ್ಕೆ ಹೋಗುವ ದಾರಿ ಇನ್ನೂ ಜೋಡಣೆಯಾಗಿಲ್ಲ.

ಈ ಮಾತಿಗೆ ಬರುವ ಆಕ್ಷೇಪಣೆಗಳು ನನಗೆ ಬಾಯಿಪಾಠವಾಗಿವೆ. ಮೊದಲನೆಯದು, ಈಗ ಯಾರೂ ಕರ್ನಲ್ ಕಟ್ಟುವುದಿಲ್ಲ ಎಂಬುದು. ಉಬುಂಟು, ಡೆಬಿಯನ್ ಹಾಕಿದರೆ ಎಲ್ಲವೂ ಬರುತ್ತದೆ ನಿಜ. ಬರುವುದು ಏಕೆಂದರೆ ಅಲ್ಲಿ ಯಾರೋ ಸಾವಿರಾರು ಡ್ರೈವರುಗಳಿಗೆ 'ಎಂ' ಒತ್ತಿಟ್ಟಿದ್ದಾರೆ. ಫರ್ಮ್‌ವೇರ್ ಕೊಡಬೇಕೋ ಬೇಡವೋ ಎಂದು ಡೆಬಿಯನ್ ಸಮುದಾಯ 2022ರಲ್ಲಿ ಮತ ಹಾಕಿ ತೀರ್ಮಾನಿಸಿತು. ಮೂಲ ಸಿಗದ ಫರ್ಮ್‌ವೇರ್ 2023ರ ಡೆಬಿಯನ್ 12ರ ಇನ್‌ಸ್ಟಾಲರಿನಲ್ಲೇ ಬಂತು. ಪ್ರಶ್ನೆ ಏನೆಂದೇ ತಿಳಿಯದವನಿಗೆ ಇಂಥ ಮತದಾನದಲ್ಲಿ ಯಾವ ಪಾಲು? ಇನ್ನು ರೂಟರ್, ಸೆಟ್‌ಟಾಪ್ ಬಾಕ್ಸ್, ಕಾರಿನೊಳಗಿನ ಬೋರ್ಡುಗಳಿಗೆ ಇವತ್ತಿಗೂ ಕರ್ನಲ್ಲನ್ನು ಅಳತೆಗೆ ಹೊಲಿಯಬೇಕು. ಆ ದರ್ಜಿಗಳು ಬೇಕಾಗಿರುವುದು ಇದೇ ಊರಿಗೆ.

ಎರಡನೆಯದು, ಸಮಯವಿಲ್ಲ, ಲ್ಯಾಬಿನ ಯಂತ್ರಗಳು ಕೆಡುತ್ತವೆ ಎಂಬುದು. 2009ರ 2.6.32 ಆವೃತ್ತಿಯಿಂದ 'ಲೋಕಲ್‌ಮಾಡ್‌ಕಾನ್ಫಿಗ್' ಇದೆ. ಸದ್ಯ ಬಳಕೆಯಲ್ಲಿರುವ ಮಾಡ್ಯೂಲುಗಳನ್ನು ಮಾತ್ರ ಉಳಿಸಿಕೊಂಡು ಉಳಿದದ್ದನ್ನು ಕೈಬಿಡುತ್ತದೆ, ಕಟ್ಟುವ ಹೊತ್ತು ಎಷ್ಟೋ ಇಳಿಯುತ್ತದೆ. ಹಳೆಯ ಕರ್ನಲ್ಲನ್ನು ಅಳಿಸದೆ ಪಕ್ಕದಲ್ಲಿಟ್ಟರೆ ಬೂಟ್ ಮೆನುವಿನಿಂದ ವಾಪಸ್ ಬರಬಹುದು. ಅದೂ ಭಯವಾದರೆ ಕ್ಯೂಎಮು ಎಂಬ ಪುಕ್ಕಟೆ ತಂತ್ರಾಂಶ ಇಂಟೆಲ್‌ನ ಹಳೆಯ ಕಾರ್ಡಿನ ವೇಷ ಹಾಕಿ ನಿಲ್ಲುತ್ತದೆ. ಅದರ ಮೇಲೆ ಎಷ್ಟು ಸಲ ಬೇಕಾದರೂ ಕೆಡಿಸಿ, ಒಂದು ಸ್ಕ್ರೂ ಕೂಡ ಹಾಳಾಗುವುದಿಲ್ಲ.

ಮೂರನೆಯ ಆಕ್ಷೇಪಣೆ ಕನ್ನಡದ್ದು, ನನಗೆ ಹೆಚ್ಚು ನೋವು ಕೊಡುವಂಥದ್ದು: 'ಇದೆಲ್ಲ ಇಂಗ್ಲಿಷಿನಲ್ಲಿದೆಯಲ್ಲ, ಕನ್ನಡದಲ್ಲಿ ಯಾರಿಗೆ ಬೇಕು?' ಕರ್ನಲ್ಲಿನ ಜೊತೆಗೇ ಬರುವ ದಾಖಲೆಗಳ ಅನುವಾದದ ಫೋಲ್ಡರಿನಲ್ಲಿ ಚೀನಿ, ಜಪಾನಿ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಷ್ ಇವೆ. ಆ ಜನಕ್ಕೆ ಇಂಗ್ಲಿಷ್ ಬಾರದೆ ಅಲ್ಲ. ಯೋಚನೆ ತಮ್ಮ ಭಾಷೆಯಲ್ಲಿ ಓಡಲಿ ಎಂಬ ಆಸೆಯಿಂದ ಮಾಡಿಕೊಂಡಿದ್ದಾರೆ. ಕನ್ನಡದ ಫೋಲ್ಡರ್ ಅಲ್ಲಿಲ್ಲ. ಕನ್ನಡದಲ್ಲಿ ತಂತ್ರಜ್ಞಾನ ಎಂದರೆ ಅಕ್ಷರ ವಿನ್ಯಾಸ, ಕೀಲಿಮಣೆ, ಹೊಸ ಫೋನಿನ ಬೆಲೆ ಇಷ್ಟರಲ್ಲೇ ನಾವು ಬಹುಪಾಲು ನಿಂತಿದ್ದೇವೆ. ಇನ್ನೊಂದು ಕಡೆ ಪದ ಕಟ್ಟುವವರ ಹಾವಳಿ. ಡ್ರೈವರಿಗೆ 'ಚಾಲಕ' ಎಂದರೆ ಬಿಎಂಟಿಸಿ ನೆನಪಾಗುತ್ತದೆಯೇ ಹೊರತು ನೆಟ್‌ವರ್ಕ್ ಬರುವುದಿಲ್ಲ. ಡ್ರೈವರ್ ಡ್ರೈವರಾಗಿಯೇ ಇರಲಿ, ಮಾಡ್ಯೂಲ್ ಮಾಡ್ಯೂಲಾಗಿಯೇ ಇರಲಿ. ಕನ್ನಡಕ್ಕೆ ಬರಬೇಕಾದದ್ದು ಅವುಗಳ ನಡುವಿನ ಕಾರಣ: 'ವೈ' ಯಾಕೆ ಸೋತಿತು, 'ಎಂ' ಯಾಕೆ ಗೆದ್ದಿತು ಎಂಬ ತರ್ಕ. ಅದಕ್ಕೆ ಬೇಕಾದ ಕ್ರಿಯಾಪದಗಳು, ಹೋಲಿಕೆಗಳು ಕನ್ನಡದಲ್ಲಿ ಧಾರಾಳವಾಗಿವೆ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಆಪರೇಟಿಂಗ್ ಸಿಸ್ಟಂ ಲ್ಯಾಬಿನಲ್ಲಿ ಒಂದೇ ಒಂದು ಪ್ರಯೋಗ ಸೇರಿಸಿ. ವಿದ್ಯಾರ್ಥಿ ತನ್ನ ಯಂತ್ರದ ಕಾರ್ಡಿನ ಎರಡು ಸಂಖ್ಯೆ ಕಂಡುಹಿಡಿಯಲಿ. ಅದಕ್ಕೆ ಒಪ್ಪುವ ಡ್ರೈವರ್ ಹುಡುಕಿ, ಮೂರು ಅಕ್ಷರಗಳಲ್ಲಿ ಒಂದನ್ನು ಆರಿಸಿ, ಯಾಕೆ ಆರಿಸಿದೆನೆಂದು ಅರ್ಧ ಪುಟ ಬರೆಯಲಿ, ಇಷ್ಟವಿದ್ದರೆ ಕನ್ನಡದಲ್ಲೇ. ಕರ್ನಲ್ ಕಟ್ಟಿ, ನೆಟ್ ಬಂದರೆ ಪೂರ್ತಿ ಅಂಕ. ಬರದೆ ಹೋದರೂ, ಯಾಕೆ ಬರಲಿಲ್ಲ ಎಂದು ಸರಿಯಾಗಿ ಹೇಳಿದರೆ ಪೂರ್ತಿ ಅಂಕ. ವಿಶ್ವವಿದ್ಯಾಲಯ ಕೇಳುವ ತನಕ ಕಾಯಬೇಕಾದ್ದೂ ಇಲ್ಲ. ಈ ಭಾನುವಾರವೇ ಒಂದು ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರೆ ಸಂಜೆಯ ಹೊತ್ತಿಗೆ ನಿಮ್ಮ ಕಾರ್ಡಿನ ಹೆಸರು ನಿಮಗೆ ಗೊತ್ತಿರುತ್ತದೆ.