ಬಂಡೆಗೆ ಹೆಸರುಂಟು, ಬಾಂಡಿಗೆ ಹೆಸರಿಲ್ಲ

ನಮ್ಮ ಸಿದ್ದಾಪುರದ ಬಂಡೆ ಮೇಲೆ ಅಶೋಕನ ಶಾಸನ ಇದೆ. 2,200 ವರ್ಷ ದಾಟಿದ ಬರಹ. ದೊಡ್ಡೋರಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣೋರೂ ಸ್ವರ್ಗ ಪಡೀಬಹುದು ಅನ್ನುತ್ತೆ ಅದು. ಬರೆದವನು ಚಪಡ. ಕೊನೆಗೆ ತನ್ನ ಹೆಸರನ್ನೂ ಹಾಕಿದ್ದಾನೆ. ಅರಸನ ಮಾತೂ ಬಯಲಲ್ಲಿದೆ, ಬರೆದವನ ಹೆಸರೂ ಬಯಲಲ್ಲಿದೆ.

2018ರಲ್ಲಿ ಕೇಂದ್ರ ಸರ್ಕಾರ ಚುನಾವಣಾ ಬಾಂಡು ತಂತು. ಕಂಪನಿ ಸ್ಟೇಟ್ ಬ್ಯಾಂಕಿನಲ್ಲಿ ದುಡ್ಡು ಕಟ್ಟಿ ಬಾಂಡು ಕೊಳ್ಳೋದು, ಪಕ್ಷದ ಕೈಗೆ ಕೊಡೋದು. ಕೊಟ್ಟವರ್ಯಾರು ಅನ್ನೋದು ಓಟು ಹಾಕುವ ನಮಗೆ ಮಾತ್ರ ತಿಳಿಯಬಾರದು! ಲಾಭದಲ್ಲಿ ಶೇ. 7.5ಕ್ಕಿಂತ ಹೆಚ್ಚು ಕೊಡಬಾರದೆಂಬ ಮಿತಿಯನ್ನು 2017ರಲ್ಲೇ ಕಿತ್ತು ಹಾಕಿದ್ದರು. ಸಾವಿರ ರೂಪಾಯಿ ಬಾಂಡೂ ಇತ್ತು. ಆದರೆ ಮಾರಾಟದ ಮೊತ್ತದಲ್ಲಿ ಶೇ. 90ಕ್ಕೂ ಹೆಚ್ಚು ಕೋಟಿ ರೂಪಾಯಿ ಬಾಂಡಿನದೇ. ಶೇಂಗಾ ಕೀಳೋ ಕೂಲಿಗೆ ಹೋಗೋ ನಮ್ಮವ್ವ ಯಾವ ಬಾಂಡು ಕೊಂಡಾಳು?

2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಇದು ಸಂವಿಧಾನಕ್ಕೆ ವಿರೋಧ ಅಂತ ಹೊಡೆದುಹಾಕಿತು. ಬ್ಯಾಂಕು ಜೂನ್ 30ರವರೆಗೆ ಟೈಮು ಕೇಳಿತು. ಕೋರ್ಟು ಕೊಡಲಿಲ್ಲ. ಮಾರ್ಚಿನಲ್ಲಿ ಪಟ್ಟಿ ಹೊರಬಿತ್ತು. ಲಾಟರಿ ಕಂಪನಿ ಫ್ಯೂಚರ್ ಗೇಮಿಂಗ್ 1,368 ಕೋಟಿ. ಮೇಘಾ ಎಂಜಿನಿಯರಿಂಗ್ 966 ಕೋಟಿ. ಬಿಜೆಪಿಗೆ ಸಿಕ್ಕಿದ್ದು 6,000 ಕೋಟಿಗೂ ಹೆಚ್ಚು. ತೃಣಮೂಲ, ಕಾಂಗ್ರೆಸ್ಸೂ ಸಾವಿರ ಕೋಟಿ ದಾಟಿದವೇ.

ದೂರದ ಸುದ್ದಿ ನಮಗ್ಯಾಕೆ ಅನ್ನಬೇಡಿ. ನಮ್ಮ ಚಿತ್ರದುರ್ಗ ಜಿಲ್ಲೆಯ ಅದಿರು ಅಗೆಯೋ ವೇದಾಂತ ಗುಂಪೂ ಸುಮಾರು 400 ಕೋಟಿ ಬಾಂಡು ಕೊಂಡಿದೆ. ಹೊಸ ಪರಿಸರ ಅನುಮತಿ ಕೇಳದೆ ಗಣಿ ಉತ್ಪಾದನೆ ಶೇ. 50ರವರೆಗೆ ಏರಿಸಲು ಬಿಡಿ ಅಂತ ಅದರ ಯಜಮಾನರು 2021ರಲ್ಲಿ ಕೇಂದ್ರ ಪರಿಸರ ಮಂತ್ರಿಗೆ ಬರೆದಿದ್ದರು, 2022ರಲ್ಲಿ ಸಾರ್ವಜನಿಕ ಅಹವಾಲಿನ ನಿಯಮ ಸಡಿಲವಾಯಿತು ಅಂತ ಓಸಿಸಿಆರ್‌ಪಿ ಎಂಬ ಪತ್ರಕರ್ತರ ಸಂಸ್ಥೆ 2023ರಲ್ಲಿ ವರದಿ ಮಾಡಿತು. ದುಡ್ಡಿಗೇ ನಿಯಮ ಬದಲಾಯಿತು ಅಂತ ನಾವು ಹೇಳ್ತಿಲ್ಲ. ಆದರೆ ಅಹವಾಲು ಸಭೆ ಅಂದರೆ ಕೂಲಿಯವನೂ ಎದ್ದು ನಿಂತು ಅಧಿಕಾರಿಗಳ ಮುಂದೆ ಮಾತಾಡೋ ಜಾಗ. ಅದನ್ನು ಕಿತ್ತುಕೊಂಡಾಗ ಯಾಕೆ ಅಂತ ಕೇಳೋ ಹಕ್ಕು ನಮಗಿಲ್ಲವೇ?

ಅಮೆರಿಕದಲ್ಲಿ ಸರ್ಕಾರವನ್ನು ಒಲಿಸೋಕೆ ಸುರಿದ ದುಡ್ಡಿನ ಲೆಕ್ಕವನ್ನು 1995ರ ಕಾನೂನಿನಂತೆ ಬರೆದುಕೊಡಬೇಕು. ವಾಲ್‌ಮಾರ್ಟ್ ಕೊಟ್ಟ ಅಂಥ ಲೆಕ್ಕದಲ್ಲಿ ಭಾರತದ ಹೆಸರು ಕಂಡಿದ್ದಕ್ಕೇ 2012ರಲ್ಲಿ ನಮ್ಮ ಪಾರ್ಲಿಮೆಂಟಿನಲ್ಲಿ ಗದ್ದಲವಾಯಿತು. ಲೆಕ್ಕ ಕೊಟ್ಟ ಮಾತ್ರಕ್ಕೆ ಅಲ್ಲಿ ದುಡ್ಡಿನ ಆಟ ನಿಂತಿಲ್ಲ, ನಿಜ. ನಮ್ಮಲ್ಲಿ ಆ ಲೆಕ್ಕದ ಕಾನೂನೂ ಇಲ್ಲ.

ಬಾಂಡು ಸತ್ತಿತಲ್ಲ, ಇನ್ನೇನು ಅಂತೀರಾ? 20,000 ರೂಪಾಯಿ ಒಳಗಿನ ದೇಣಿಗೆಗೆ ಪಕ್ಷ ಇವತ್ತಿಗೂ ಹೆಸರು ಹೇಳಬೇಕಿಲ್ಲ. ಮಂತ್ರಿಯ ಕೋಣೆಗೆ ಹೋಗಿ ಬರೋ ಕಂಪನಿಯವರ ಲೆಕ್ಕ ಇಡೋರಿಲ್ಲ. ಓಟಿನಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ. ಈ ವಿರೋಧವನ್ನು ಬೇಗ ತೊಡೆಯದಿದ್ದರೆ ಪ್ರಜಾಪ್ರಭುತ್ವವೇ ಉಳಿಯದು ಅಂತ ಬಾಬಾಸಾಹೇಬರು 1949ರ ನವೆಂಬರ್ 25ರಂದು ಎಚ್ಚರಿಸಿದ್ದರು. ನಮ್ಮ ಒಂದು ಓಟು ಒಂದೇ. ಅವರ ಒಂದು ಓಟಿನ ಹಿಂದೆ ಕೋಟಿ ನಿಂತಿದೆ.

ಹಾಸ್ಟೆಲಿನ ಗೆಳೆಯರೇ, ಬಾಂಡಿನ ಪಟ್ಟಿಯನ್ನು ಚುನಾವಣಾ ಆಯೋಗ ಪ್ರಕಟಿಸಿದೆ. ಓದಿ. ಯಾರು ಕೊಟ್ಟರು, ಯಾರು ತಗೊಂಡರು ಅಂತ ಬರೆದು ಹಾಸ್ಟೆಲ್ ಗೋಡೆಗೆ ಅಂಟಿಸಿ. ಓಟು ಕೇಳೋಕೆ ಬಂದವರನ್ನ ಆ ಗೋಡೆ ಮುಂದೆ ನಿಲ್ಲಿಸಿ. ಚಪಡ ತನ್ನ ಹೆಸರು ಬರೆದ. ಇವರೂ ಬರೆಯಲಿ.